ಪೂಜೆಗೆ ಕೂತ ಲೇಡಿ ಕಾಮೆಟ್

ಸೆಪ್ಟೆಂಬರ್ 18, ಗುರುವಾರ

ಬೆಳಗ್ಗೆಯಿಂದ ಎರಡು ರೂಟ್ ಕೆನಾಲ್, ಒಂದು ಕೀಳುವುದು. ಮುಶಿಗೇರಿ ಕರೆಪ್ಪನ ದವಡೆ ಹಲ್ಲು ಅರ್ಧ ಹೊರಗೆ ಬಂದಿದೆ, ಆಗಲೇ ಫೋನು. ಗಜೇಂದ್ರಗಡದ ಅಲ್ತಮಶ. ಸೀರೆ ಅಂಗಡಿಯವರು. ಈ ಸುತ್ತಿನಲ್ಲಿ ನನ್ನಂಥದೇ ಕಾಮಿಕ್ಸ್ ಹುಚ್ಚಿರುವ ಇನ್ನೊಬ್ಬರು. ಕರೆಪ್ಪ ಬಾಯಿ ತೆರೆದುಕೊಂಡೇ ಕಾಯ್ದ, ಪಾಪ.

"ಆರು ಸಿಕ್ತ್ರಿ ಮೇಡಂ. ಎರಡ ಕಾಪಿ."

ಆರು! ಕಾಪರ್ ಕಾಮೆಟ್, ವಾಲ್ಯೂಮ್ ಆರು. ಆ ಇಂಗ್ಲಿಷ್ ಸೂಪರ್‌ಹೀರೋನ ಅರವತ್ತರ ದಶಕದ ಬಿಡಿ ಕಾಮಿಕ್ಸ್ ಎಲ್ಲ ಒಟ್ಟು ಮಾಡಿ, ದಪ್ಪ ರಟ್ಟು ಹಾಕಿ, ಎಂಟು ಸಂಪುಟ ತಂದಿದ್ದರು. ಏಳು ನನ್ನ ಹತ್ತಿರ ಇವೆ. ಆರನೆಯದು ಮಾತ್ರ ಎಲ್ಲೂ ಇಲ್ಲ, ಪ್ರಿಂಟೇ ನಿಂತಿದೆ. ಐದರ ಪಕ್ಕ ಏಳು. ರೋಣದ ತುಂಬ ಜನರ ಹಲ್ಲು ಕಟ್ಟುವವಳ ಕಪಾಟಿಗೇ ಮುಂದಿನ ಹಲ್ಲಿಲ್ಲ.

ದುಡ್ಡು ಬೇಡವಂತೆ. ಬದಲಿಗೆ ಲೇಡಿ ಕಾಮೆಟ್ ಕೊಡಬೇಕಂತೆ. ಯೋಚಿಸಿ ಹೇಳುತ್ತೇನೆ ಅಂದೆ. ಯೋಚಿಸುವುದೇನಿದೆ?

ಸೆಪ್ಟೆಂಬರ್ 19

ಲೇಡಿ ಕಾಮೆಟ್ ತೆಗೆದು ನೋಡಿದೆ. ಕಾಪರ್ ಕಾಮೆಟನ ತಂಗಿ. ಅವಳದು ಒಂದೇ ಸಂಪುಟ ಬಂತು, ಅಲ್ಲಿಗೇ ನಿಂತಿತು. ಬೆಳಗಾವಿಯಲ್ಲಿ ಬಿಡಿಎಸ್ ಓದುವಾಗ ಹಳೆ ಪುಸ್ತಕದ ಗಾಡಿಯಲ್ಲಿ ಸಿಕ್ಕದ್ದು. ಹದಿನಾಲ್ಕು ವರ್ಷ ಆಯಿತು. ಮುಖಪುಟ ಚೆಂದ — ಊರಿನ ಮಾಳಿಗೆಗಳ ಮೇಲೆ ಹಾರುತ್ತಿದ್ದಾಳೆ, ಕೈಯಲ್ಲಿ ಕಂದೀಲು. ಆದರೆ ಎಂಟರ ಸಾಲಿಗೆ ಸೇರಿದ್ದಲ್ಲ. ಕೊಡುವುದು. ಮುಗಿಯಿತು.

ಮುಕುಂದನಿಗೆ ಹೇಳಿದೆ. ವಕೀಲ ಗಂಡ, ಯಾವುದಕ್ಕೂ ಪಾಟೀಸವಾಲು ಇಲ್ಲದೆ ಬಿಡುವುದಿಲ್ಲ. ಆರು ಬಂದಮೇಲೆ ಏನು ಮಾಡುತ್ತೀ? ಓದುತ್ತೇನೆ. ಆಮೇಲೆ? ಆಮೇಲೆ ಸುಮ್ಮನೆ ಕೂರುತ್ತೇನೆ ಅಂದೆ. ಬಹಳ ಹೊತ್ತು ನಕ್ಕ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ನಾನು ಸುಮ್ಮನೆ ಕೂತದ್ದನ್ನು ಅವನು ಕಂಡಿಲ್ಲವಂತೆ.

ಕಂಡಿಲ್ಲ, ಖರೆ. ಕೂತರೆ ಐದರ ಪಕ್ಕದ ಏಳು ಕಣ್ಣಿಗೆ ಬೀಳುತ್ತದೆ.

ಸೆಪ್ಟೆಂಬರ್ 24, ಬುಧವಾರ

ಐದು ದಿನದಿಂದ ಅಲ್ತಮಶರ ಫೋನು ಬಂದ್. ಇವತ್ತು ಸಿಕ್ಕರು. ಹಬ್ಬದ ಮಾಲು ತರಲು ಸೊಲ್ಲಾಪುರಕ್ಕೆ ಹೋಗಿದ್ದಾರೆ, ಮೂವತ್ತಕ್ಕೆ ವಾಪಸ್. ಅಷ್ಟರಲ್ಲಿ ಇನ್ನೊಂದು ಸುದ್ದಿ. ನರಗುಂದದ ಯಾರೋ ಇಂಜಿನಿಯರ್ ಕೂಡ ಆರು ಕೇಳಿದ್ದಾರೆ. ಒಂದನೆಯ ತಾರೀಖು ಸಂಜೆ ಬರುತ್ತಾರೆ. ಒಂದು ಕಾಪಿ ಅಲ್ತಮಶ ತಮಗೇ ಇಟ್ಟುಕೊಳ್ಳುವವರು, ಇರುವುದು ಒಂದೇ. ಯಾರು ಮೊದಲು ಬರುತ್ತಾರೋ ಅವರಿಗೆ.

ಅಂದರೆ ಮೂವತ್ತಕ್ಕೆ ಹೋಗಬೇಕು, ತಪ್ಪಿದರೆ ಒಂದರ ಮಧ್ಯಾಹ್ನದೊಳಗೆ. ಬಸ್ಸಿನಲ್ಲಿ ತಾಸು ದಾರಿ. ಇನ್ನೂ ಆರು ದಿನ! ಇವತ್ತು ಒಬ್ಬಾಕೆಯ ಎಡಗಡೆ ಹಲ್ಲಿಗೆ ಬಲಗಡೆ ಇಂಜೆಕ್ಷನ್ ಕೊಡಹೋದೆ. ಆಕೆಯೇ ಕೈ ಹಿಡಿದಳು.

ಸೆಪ್ಟೆಂಬರ್ 27, ಶನಿವಾರ

ನವರಾತ್ರಿ ದೀಪ ಹಾಕಿ ಐದು ದಿನ. ಅತ್ತೆ ಸೋಮವಾರದ ಸರಸ್ವತಿ ಪೂಜೆಗೆ ಮಣೆ ತೊಳೆದಿಟ್ಟಿದ್ದಾರೆ. ಈ ಸಲ ಯಾವ ಪುಸ್ತಕ ಇಡಬೇಕು ಎಂದು ಕೇಳಿದರು. ಹಲ್ಲಿನ ಟೆಕ್ಸ್ಟ್‌ಬುಕ್ ತೋರಿಸಿದೆ. ವರ್ಷವೂ ಅದೇ.

ಕೇಳಿದ್ದಕ್ಕೆ ಹಳೆಯದು ನೆನಪಾಯಿತು. ಮದುವೆಯಾದ ಎರಡನೇ ವರ್ಷ. ನಾನಾಗಿ ಕಾಪರ್ ಕಾಮೆಟ್ ಒಂದನ್ನು ಪೂಜೆಗೆ ಇಟ್ಟಿದ್ದೆ. ಮಾವನವರ ಪಂಚಾಂಗ, ಮುಕುಂದನ ಕಾನೂನು ಪುಸ್ತಕ, ಅದರ ಮೇಲೆ ನನ್ನದು. ಸ್ನಾನ ಮಾಡಿ ಬರುವಷ್ಟರಲ್ಲಿ ಅದು ವಾಷಿಂಗ್ ಮಷಿನ್ ಮೇಲೆ ಇತ್ತು. ಅತ್ತೆ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಮಾವನವರು ಹೋದರು, ಅವರ ಪಂಚಾಂಗಗಳು ಈಗಲೂ ಪೂಜೆಗೆ ಕೂರುತ್ತವೆ. ನನ್ನವು ಕಪಾಟಿನಲ್ಲೇ. ಇಂಥದ್ದನ್ನು ನಾನು ಮರೆಯುವ ಪೈಕಿ ಅಲ್ಲ.

ಸೆಪ್ಟೆಂಬರ್ 29, ಸೋಮವಾರ. ಕ್ಲಿನಿಕ್, ಮಧ್ಯಾಹ್ನ 4

ಇದು ಪ್ರಿಸ್ಕ್ರಿಪ್ಷನ್ ಚೀಟಿ. ಡೈರಿ ಪೂಜೆಗೆ ಕೂತಿದೆ. ಪೆನ್ನೂ ಕೂತಿದೆ. ದಶಮಿಯವರೆಗೆ ಓದುವಂತಿಲ್ಲ, ಬರೆಯುವಂತಿಲ್ಲ. ಔಷಧಿ ಚೀಟಿ ಬರೆಯದೆ ಹೇಗೆ ಎಂದು ಅತ್ತೆಯನ್ನು ಕೇಳಿದ್ದಕ್ಕೆ ತೀರ್ಪು ಬಂತು — "ಮಂದಿಗೆ ಬರಿ. ನಿನಗ ಬರಕೋಬ್ಯಾಡ."

ಬರೆಯದೆ ಆಗುತ್ತಿಲ್ಲ. ಆದದ್ದು ಇದು.

ಊಟಕ್ಕೆ ಮನೆಗೆ ಹೋದೆ. ನನ್ನ ಕಾಮಿಕ್ಸ್ ಕಪಾಟು ಖಾಲಿ. ದೇವರ ಮನೆಗೆ ಓಡಿದೆ. ಮಣೆಯ ಮೇಲೆ ಪಂಚಾಂಗ, ಕಾನೂನು, ಹಲ್ಲು, ಆಮೇಲೆ ನನ್ನ ಏಳೂ ಕಾಪರ್ ಕಾಮೆಟ್, ಒಂದರ ಮೇಲೊಂದು. ಒಂದೊಂದೂ ಎರಡು ಕೇಜಿ ತೂಕ. ಜುಲೈನಲ್ಲಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡ ಅರವತ್ತೆಂಟರ ಹೆಂಗಸು ಒಬ್ಬರೇ ಹೊತ್ತು ತಂದಿದ್ದಾರೆ. ತುದಿಗೆ ಲೇಡಿ ಕಾಮೆಟ್, ಅದಕ್ಕೆ ಮಾತ್ರ ಕೆಂಪು ಖಣದ ಹೊದಿಕೆ. ಅದರ ಮೇಲೆ ಕೂತಿದ್ದಾಳೆ ಸರಸ್ವತಿ, ಚೌಕಟ್ಟಿನ ಫೋಟೋದಲ್ಲಿ, ಹೂ ಏರಿಸಿಕೊಂಡು.

ಅತ್ತೆ ನನ್ನ ಮುಖ ನೋಡಿದರು. "ಇರಲಿ, ಇವೂ ಪುಸ್ತಕನ ಅಲಾ," ಅಂದರು.

ಕಣ್ಣು ತುಂಬಿತು. ನಾಚಿಕೆಯಿಲ್ಲದೆ ಬರೆಯುತ್ತೇನೆ, ತುಂಬಿತು. ಏಳು ವರ್ಷದಿಂದ ಈ ಒಂದು ಮಾತಿಗೆ ಕಾಯುತ್ತಿದ್ದೆ ಎಂದು ಆಗ ಗೊತ್ತಾಯಿತು. ಊಟ ಮುಗಿಸಿದೆ. ಕೈ ತೊಳೆಯುವಾಗ ಮೂವತ್ತನೇ ತಾರೀಖು ನೆನಪಾಯಿತು. ಪೂಜೆಯಿಂದ ಪುಸ್ತಕ ಎಬ್ಬಿಸುವುದು ದಶಮಿಗೆ, ಎರಡನೇ ತಾರೀಖು, ಅಲ್ಲಿಯವರೆಗೆ ಮುಟ್ಟುವಂತಿಲ್ಲ. ಇಂಜಿನಿಯರ್ ಬರುವುದು ಒಂದನೇ ತಾರೀಖು. ಮೊದಲೇ ಕ್ಲಿನಿಕ್ಕಿಗೆ ತಂದು ಇಟ್ಟುಕೊಳ್ಳಬಾರದಿತ್ತೇ, ಪೆದ್ದೀ!

ಸೆಪ್ಟೆಂಬರ್ 30, ಮಂಗಳವಾರ. ಕ್ಲಿನಿಕ್

ಅಲ್ತಮಶರಿಗೆ ಎರಡು ದಿನ ತಡೆಯಿರಿ ಎಂದೆ. ಆಗುವುದಿಲ್ಲ, ಆ ಇಂಜಿನಿಯರ್‌ಗೆ ಮಾತು ಕೊಟ್ಟಾಗಿದೆ ಎಂದರು. ನ್ಯಾಯವೇ. ನ್ಯಾಯ ತಗೊಂಡು ಏನು ಮಾಡಲಿ?

ಅತ್ತೆಗೆ ಹೇಳಿ ಕೇಳಿದರೆ? ಬೆಳಗ್ಗೆ ಎರಡು ಸಲ ದೇವರ ಮನೆಯ ಬಾಗಿಲಿಗೆ ಹೋದೆ. ಎರಡು ಸಲವೂ ಓಣಿಯ ಹೆಂಗಸರು ಕುಂಕುಮಕ್ಕೆ ಬಂದಿದ್ದರು. ಇಷ್ಟು ದಪ್ಪದ್ದು ಯಾವ ಪುರಾಣ ಎಂದು ಒಬ್ಬರು ಕೇಳಿದರು. ನಮ್ಮ ಸೊಸಿ ಪುಸ್ತಕ ಎಂದರು ಅತ್ತೆ, ಸೆರಗು ಸರಿಮಾಡಿಕೊಂಡು. ಆ ದನಿ ಕೇಳಿದ ಮೇಲೆ ಬಾಯಿ ಬರಲಿಲ್ಲ. ಮೂರನೇ ಸಲ ಹೋಗಲಿಲ್ಲ.

ಮನೆಯಲ್ಲಿ ಹಾಲಿನಿಂದ ಅಡಿಗೆ ಮನೆಗೆ, ಅಡಿಗೆ ಮನೆಯಿಂದ ಹಾಲಿಗೆ. ಕಾಲಿಗೆ ಚಕ್ರ ಕಟ್ಟಿದ್ದಾರೇನು ಎಂದ ಮುಕುಂದ.

ಅಕ್ಟೋಬರ್ 1, ಬುಧವಾರ. ಕ್ಲಿನಿಕ್, ಸಂಜೆ 5:40

ಮಾಡಿಬಿಟ್ಟೆ.

ಹನ್ನೊಂದಕ್ಕೆ ಅತ್ತೆ ದೇಸಾಯರ ಮನೆಗೆ ಮುತ್ತೈದೆ ಊಟಕ್ಕೆ... ಅಲ್ಲ, ಅವರಿಗೆಲ್ಲಿಯ ಮುತ್ತೈದೆ ಊಟ, ಅಡಿಗೆಗೆ ಕೈಗೂಡಿಸಲು ಹೋದರು. ಮುಕುಂದ ಕೋರ್ಟ್ ಹತ್ತಿರದ ಆಫೀಸಿಗೆ, ಆಯುಧ ಪೂಜೆಗೆ. ಮನೆಯಲ್ಲಿ ನಾನು ಮತ್ತು ದೀಪ. ತಲೆಗೆ ನೀರು ಹಾಕಿಕೊಂಡೆ. ಕಳ್ಳತನಕ್ಕೂ ಮಡಿ! ಒದ್ದೆ ಕೂದಲಲ್ಲೇ ಸರಸ್ವತಿಯನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕೆ ಇಟ್ಟೆ. ದೀಪ ಒಮ್ಮೆ ಅಲುಗಾಡಿತು, ಆರಲಿಲ್ಲ. ಖಣ ಬಿಚ್ಚಿದೆ, ಲೇಡಿ ಕಾಮೆಟ್ ತೆಗೆದೆ. ಜಾಗಕ್ಕೆ ಅಷ್ಟೇ ಅಳತೆಯ ಸರ್ಜರಿ ಪುಸ್ತಕ, ಕ್ಲಿನಿಕ್ಕಿನಿಂದ ತಂದದ್ದು. ಮತ್ತೆ ಖಣ, ಮತ್ತೆ ಸರಸ್ವತಿ. ಹೂ ಮೊದಲಿನ ಹಾಗೆ ನಿಲ್ಲಲೇ ಇಲ್ಲ.

ಗಜೇಂದ್ರಗಡದ ಬಸ್ಸಿಗೂ ಮಾವಿನ ತೋರಣ, ಬಾಳೆಕಂಬ. ತೊಡೆಯ ಮೇಲೆ ಚೀಲ.

ಅಲ್ತಮಶ ಪುಸ್ತಕ ತಗೊಂಡು ರಟ್ಟಿನ ಮೂಲೆ ಸವರಿದರು. ಬೆರಳಿಗೆ ಅರಿಸಿನ ಹತ್ತಿತು.

"ಪೂಜಾಕ್ಕ ಕೂತಿತ್ತೇನ್ರಿ ಇದು? ನಮ್ಮ ಓಣ್ಯಾಗ ನೇಕಾರ ಮಂದಿ ಮಗ್ಗ ಪೂಜಾಕ್ಕ ಇಟ್ಟಾರ್ರಿ. ನಾಳಿ ಎಬ್ಬಿಸೋತನಾ ಯಾರೂ ಮುಟ್ಟಂಗಿಲ್ಲ. ನೀವು ಎಬ್ಬಿಸೀರಿಲ್ಲ?"

ಎಬ್ಬಿಸಿದೆವು ಎಂದೆ. ನೋಯುವುದಿಲ್ಲ ಎಂದು ರೋಗಿಗಳಿಗೆ ಹೇಳುವ ದನಿಯಲ್ಲೇ ಬಂತು, ಸಲೀಸಾಗಿ. ಅವರು ನಂಬಿದರು.

ಆರು ನನ್ನ ಕೈಗೆ ಬಂತು. ಹೊಸದರಂತಿದೆ, ಮೇಲಿನ ಪ್ಲಾಸ್ಟಿಕ್ ಸಹ ಒಡೆದಿಲ್ಲ. ಅತ್ತೆ ಬರುವ ಮೊದಲೇ ಮನೆ ಸೇರಿದೆ. ಸರ್ಜರಿ ತೆಗೆದು ಖಣದೊಳಗೆ ಆರನ್ನು ಇಟ್ಟೆ. ಲೆಕ್ಕಕ್ಕೆ ಎಂಟು ದಪ್ಪ ಪುಸ್ತಕ ಇದ್ದವು, ನಾಳೆ ಎಬ್ಬಿಸಿದಾಗಲೂ ಎಂಟೇ ಇರುತ್ತವೆ. ಎಲ್ಲ ಒಂದೇ ಬಣ್ಣ, ಒಂದೇ ಗಾತ್ರ. ಇಂಗ್ಲಿಷ್ ಬಾರದ ಅತ್ತೆಗೆ ಯಾವುದಾದರೇನು?

ಸಾಲು ಪೂರ್ತಿಯಾಯಿತು. ಖುಷಿ ಆಗಬೇಕು. ಬರುತ್ತದೆ, ಬರುತ್ತದೆ.

ಅಕ್ಟೋಬರ್ 2, ಗುರುವಾರ. ದಶಮಿ. ಮಧ್ಯಾಹ್ನ 1

ಡೈರಿ ವಾಪಸ್ ಬಂತು, ನಾಲ್ಕೂ ಮೂಲೆಗೆ ಅರಿಸಿನ ಹಚ್ಚಿಸಿಕೊಂಡು.

ಒಂಬತ್ತಕ್ಕೆ ಮಂಗಳಾರತಿ. ಅತ್ತೆ ಮಣೆ ಅಲುಗಿಸಿ ಸರಸ್ವತಿಯನ್ನು ಎಬ್ಬಿಸಿದರು. ನಮ್ಮಲ್ಲಿ ಎಬ್ಬಿಸಿದ ಕೂಡಲೇ ಎಲ್ಲರೂ ತಮ್ಮ ತಮ್ಮ ಪುಸ್ತಕ ತೆರೆದು ನಾಲ್ಕು ಸಾಲಾದರೂ ಓದಬೇಕು. ಮಾವನವರ ಪಂಚಾಂಗ ಮುಕುಂದನೇ ಓದಿದ. ಆಮೇಲೆ ಯಾವುದೋ ಕಾಯ್ದೆಯ ಎರಡು ಕಲಮು. ನಾನು ಒಸಡಿನ ರೋಗ.

ಅತ್ತೆ ಖಣದ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಬಿಚ್ಚಿದರು. ಕನ್ನಡಕ ಏರಿಸಿದರು. ಮುಖಪುಟದಲ್ಲಿ ಗಂಡಸು, ಮುಷ್ಟಿ ಮುಂದೆ ಮಾಡಿ ಹಾರುತ್ತಿದ್ದಾನೆ. ತಿರುವಿ ಹಿಂದೆ ನೋಡಿದರು. ಮತ್ತೆ ಮುಂದೆ. ಉಳಿದ ಏಳನ್ನೂ ಒಂದೊಂದೇ ಎತ್ತಿ ನೋಡಿದರು. ಆ ಭಾರ. ನಾನು ನೋಡುತ್ತ ಕೂತಿದ್ದೆ.

"ಆಕಿ ಎಲ್ಲಿ, ವಸುಧಾ? ಕಂದೀಲ ಹಿಡಕೊಂಡು ಹಾರತಾಳಲಾ, ಆಕಿ?"

ಸುಳ್ಳು ಹೇಳಲು ಬಾಯಿ ತೆರೆದೆ. ನಿನ್ನೆ ಸಲೀಸಾಗಿ ಬಂದದ್ದು ಇವತ್ತು ಬರಲಿಲ್ಲ. ಎಲ್ಲ ಹೇಳಿದೆ. ತೆಗೆದದ್ದು, ಕೊಟ್ಟದ್ದು, ಬದಲಿ ಇಟ್ಟದ್ದು. ಮುಕುಂದ ಎದ್ದು ಹೊರಗೆ ಹೋದ.

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಖಣವನ್ನು ನಾಲ್ಕು ಮಡಿಕೆ ಮಾಡಿದರು, ಅಂಗೈಯಿಂದ ತೀಡಿದರು. ಕಣ್ಣಿನ ಆಪರೇಷನ್ ಆದಾಗ ಹೊಗೆ ಬೇಡ, ಟಿವಿ ಬೇಡ ಎಂದು ಡಾಕ್ಟರು ಅಂದಿದ್ದರಲ್ಲ, ಆವಾಗ ಮಧ್ಯಾಹ್ನ ಬೇಸರಕ್ಕೆ ನನ್ನ ಕಪಾಟು ತೆರೆದರಂತೆ. ಅಂದಿನಿಂದ ದಿನಾ ನಾಲ್ಕು ಹಾಳೆ. ಅಕ್ಷರ ತಿಳಿಯುವುದಿಲ್ಲ, ಚಿತ್ರದ ಮೇಲಿಂದ ಕಥೆ ಕಟ್ಟಿಕೊಂಡಿದ್ದಾರೆ. ಅವಳಿಗೊಬ್ಬ ತಮ್ಮ, ಎಲ್ಲೋ ಕಳೆದುಹೋಗಿದ್ದಾನೆ, ಅವನನ್ನು ಹುಡುಕುತ್ತ ಊರೂರು ಹಾರುತ್ತಾಳೆ.

ಆಮೇಲೆ ಹೇಳಿದರು, ನೆಲ ನೋಡುತ್ತ.

"ವರ್ಷಾ ಎಲ್ಲಾರ ಪುಸ್ತಕ ಕೂಡತಾವ. ನಿಮ್ಮ ಮಾವನವರದು, ಮುಕುಂದಂದು, ನಿಂದು. ನನ್ನ ಹಾಡಿನ ವಹಿ ತುಂಬ ದೇವರ ಹಾಡ, ಅದು ದೇವರದಾತು. ಈ ಸಲ ನಂದೂ ಒಂದ ಇರಲಿ ಅಂತ ಆಕೀನ್ನ ಇಟ್ಟಿದ್ದೆ. ಅದೊಂದ ಇಟ್ರ ನೀವು ನಗತೀರಿ ಅಂತ, ಎಲ್ಲಾನೂ ತಂದಿಟ್ಟೆ."

ಹದಿನಾಲ್ಕು ಕೇಜಿ ಹೊತ್ತದ್ದು ನನ್ನ ಪುಸ್ತಕದ ಮರ್ಯಾದೆಗಲ್ಲ. ತಮ್ಮದೊಂದನ್ನು ಅಡಗಿಸಿ ಇಡಲು. ನಾನು ಅದಕ್ಕೆ ಕಣ್ಣೀರು ಬೇರೆ ಹಾಕಿದ್ದೆ. ಇಷ್ಟು ಸಣ್ಣವಳು ನಾನು ಎಂದು ಇವತ್ತಿನವರೆಗೆ ಗೊತ್ತಿರಲಿಲ್ಲ.

ಅದೇ ದಿನ, 3:15

ಅಲ್ತಮಶರಿಗೆ ಫೋನ್ ಮಾಡಿದೆ. ಲೇಡಿ ಕಾಮೆಟ್ ಅವರಲ್ಲಿಲ್ಲ. ನಿನ್ನೆ ಸಂಜೆ ಬಂದ ನರಗುಂದದ ಇಂಜಿನಿಯರ್, ಆರು ಹೋಯಿತೆಂದು ಕೇಳಿ ಬರಿಗೈಲಿ ಹೋಗಲಾರದೆ, ಬೇರೆ ಮೂರು ಸಂಪುಟ ಕೊಟ್ಟು ಅವಳನ್ನು ಒಯ್ದಿದ್ದಾರೆ. ಪೂಜೆಯ ವಿಷಯ ಅಲ್ತಮಶರಿಗೂ ಹೇಳಿಬಿಟ್ಟೆ. ಇಂಜಿನಿಯರ್ ನಂಬರ್ ಕೊಟ್ಟರು.

ನಾಲ್ಕು ಸಲ ಹಚ್ಚಿದೆ. ಎತ್ತುತ್ತಿಲ್ಲ. ಹಬ್ಬದ ದಿನ, ಬನ್ನಿಗೆ ಹೋಗಿರಬೇಕು. ಮನೆ ಎಲ್ಲೆಂದು ಅಲ್ತಮಶ ಹೇಳಿದ್ದಾರೆ. ಆರನ್ನು ಚೀಲಕ್ಕೆ ಹಾಕಿದೆ. ಪ್ಲಾಸ್ಟಿಕ್ ಹಾಗೇ ಇದೆ, ಒಡೆಯಲಿಲ್ಲ. ಅವರಿಗೆ ಬೇಕಾದದ್ದು ಇದೇ ತಾನೇ? ಸಾಲದಿದ್ದರೆ ಏಳನ್ನೂ ಕೊಡುತ್ತೇನೆ, ಎಂಟನ್ನೂ ಕೊಡುತ್ತೇನೆ. ನಾಲ್ಕಕ್ಕೆ ನರಗುಂದದ ಬಸ್ಸು.

ಅತ್ತೆ ಈಗ ಬಾಗಿಲಿಗೆ ಬಂದು ನಿಂತರು. ಎಲ್ಲಿಗೆ ಎಂದು ಕೇಳಲಿಲ್ಲ. ಸಿಟ್ಟೂ ಇಲ್ಲ ಮುಖದಲ್ಲಿ. ಕಡೆಯ ಕಥೆ ಒಂದನ್ನು ಅವರು ನೋಡಿಯೇ ಇಲ್ಲವಂತೆ. ಪೂಜೆ ಆದಮೇಲೆ ನನ್ನ ಬಾಯಿಂದ ಓದಿಸಿ ಕೇಳಬೇಕೆಂದು ಮುಚ್ಚಿಟ್ಟಿದ್ದರಂತೆ.

"ಪುಸ್ತಕ ಹೋದರ ಹೋಗಲಿ ಬಿಡು. ನೀ ಓದೀದಿ ಅಲಾ. ಆ ತಮ್ಮ ಸಿಕ್ಕನೇನು ಆಕಿಗೆ?"

ತಮ್ಮನಲ್ಲ, ಅಣ್ಣ. ಅಷ್ಟು ಗೊತ್ತು. ಸಿಕ್ಕನೇ? ಹದಿನಾಲ್ಕು ವರ್ಷ ನನ್ನ ಕಪಾಟಿನಲ್ಲಿತ್ತು. ಓದಿದ್ದೇನೆ. ಓದಿದ್ದೇನಲ್ಲವೇ? ಬಾಗಿಲಲ್ಲಿ ಇನ್ನೂ ನಿಂತಿದ್ದಾರೆ. ಕಡೆಯ ಹಾಳೆಯಲ್ಲಿ ಅವಳು ಕಂದೀಲು ಹಿಡಿದು... ಹಿಡಿದು ಎಲ್ಲಿಗೆ ಹೋದಳು?