ಅಪ್ಪನ ಕೋಣೆಗೆ ಹೊಸ ಸ್ಪೀಕರ್

ಅಪ್ಪಾ,

ನಿನ್ನ ಹಾಡು ಕೇಳುವ ಕೋಣೆಗೆ ನಮ್ಮೆಲ್ಲರ ಕಾಲ ಮುಗಿಯುವ ತನಕ ಬಾಳುವಂಥ ಸ್ಪೀಕರ್ ತರಬೇಕೆಂದು ಮೊದಲು ಹೇಳಿದವನು ಫಿಕ್ರಿ ಚಿಕ್ಕಪ್ಪ, ನೀನು ತೀರಿಕೊಂಡ ನಲವತ್ತನೆಯ ದಿನದ ಊಟ ಮುಗಿಸಿ ಕೈ ತೊಳೆಯುವಾಗ. ಮೊನ್ನೆ ಸಂಜೆ ಅಂಗಡಿಯವರು ಎರಡು ಜೋಡಿ ತಂದಿಟ್ಟು, ಕೇಳಿ ನೋಡಿ ಒಂದನ್ನು ಉಳಿಸಿಕೊಳ್ಳಿ ಎಂದು ಹೋದರು. ಹೋದ ವರ್ಷ ಇದೇ ಕೋಣೆಯಲ್ಲಿ ವಾದಕನನ್ನು ಕರೆಸಿ ನೀವು ಗೆಳೆಯರೆಲ್ಲ ಕೂತು ಊದ್ ಎಂಬ ತಂತಿವಾದ್ಯ ಕೇಳಿದಾಗ ಮಾಡಿದ ಧ್ವನಿಮುದ್ರಣ ಹಾಕಿದೆ.

ಮೊದಲ ಜೋಡಿ ಇಂಪಾಗಿತ್ತು.

"ಇದು ಮಂಕು. ಕಾಲು ಸ್ವರ ಜಾರಿದ್ರೂ ಹಿಡಿಯೋ ಕಿವಿ ಇಡೀ ಅಲೆಕ್ಸಾಂಡ್ರಿಯಾದಲ್ಲಿ ನಂದೊಂದೇ," ಎಂದ ಫಿಕ್ರಿ.

"ಹೌದೌದು, ಹೆಂಡತಿ ಕೂಗೋದು ಮಾತ್ರ ಕೇಳ್ಸಲ್ಲ," ಎಂದ ವಗ್ದಿ ಚಿಕ್ಕಪ್ಪ.

ಎರಡನೆಯದರಲ್ಲಿ ತಂತಿಗೆ ಉಗುರು ತಾಗುವುದೂ ಕೇಳಿಸಿತು. ವಾದಕ ನುಡಿಸುವುದನ್ನು ನಿಲ್ಲಿಸಿದಲ್ಲಿ ನೀವೆಲ್ಲ ಮೆಚ್ಚಿ "ಅಲ್ಲಾಹ್!" ಎಂದು ಕೂಗಿದಿರಿ. ಆ ಕೂಗಿನ ಅಡಿಯಲ್ಲಿ, ಕಿಟಕಿಯ ಕಡೆಯಿಂದ, ಬಟ್ಟೆಯಲ್ಲಿ ಅದುಮಿದ ನಿನ್ನ ಕೆಮ್ಮು. ಮುಂದಿನ ಕೂಗಿಗೆ ಕಾದಿದ್ದವನ ಹಾಗೆ, ಅಲ್ಲಿ ಮತ್ತೆ ಕೆಮ್ಮು. ಆಮೇಲೆ ಪ್ರತಿ ಕೂಗಿನಲ್ಲೂ.

ಕಾಫಿ ತಟ್ಟೆ ಹಿಡಿದು ಅಮ್ಮ ಬಾಗಿಲಲ್ಲೇ ನಿಂತಳು. "ಈ ಕೆಮ್ಮು ಆಗ್ಲೇ ಇತ್ತಾ?" ಎಂದಳು. ಆ ದಿನ ಈ ಇಬ್ಬರು ಚಿಕ್ಕಪ್ಪಂದಿರ ಮಧ್ಯೆಯೇ ಕೂತಿದ್ದೆಯಲ್ಲ ನೀನು; ಫಿಕ್ರಿ ಕಿಟಕಿಯ ಕಡೆ ತಿರುಗಿದ. ವಗ್ದಿ ಎದ್ದು ಧ್ವನಿಮುದ್ರಣ ನಿಲ್ಲಿಸಿದ.

ಮರುದಿನ ಬೆಳಿಗ್ಗೆ ಇಬ್ಬರೂ ಹೇಳದೆ ಬಂದರು. "ಆ ಜೋಡಿ ಈ ಕೋಣೆಗೆ ಹೊಂದಲ್ಲ, ಮಗಳೇ. ಶಬ್ದ ಒಣಕಲು," ಎಂದ ಫಿಕ್ರಿ, ನನ್ನ ಮುಖ ನೋಡದೆ. ಎರಡನೆಯ ಜೋಡಿಯನ್ನು ಕಂಬಳಿಯಲ್ಲಿ ಸುತ್ತಿ, ಮೆಟ್ಟಿಲ ಮೇಲೆ ಅಲ್ಲಲ್ಲಿ ಇಳಿಸಿ ಏದುಸಿರು ಬಿಡುತ್ತ, ಆ ಇಬ್ಬರು ಮುದುಕರು ತಾವೇ ಅಂಗಡಿಗೆ ಹೊತ್ತುಕೊಂಡು ಹೋದರು.