ನಿಮ್ಮಪ್ಪನ ದನಿಗೆ ಬೇಕಾದ ಹಳೆಯ ಪ್ಯಾಕೇಜು

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ಜೈಲಿನ ತಣ್ಣನೆಯ ನೆಲದ ಮೇಲೆ ಬರಿದೇ ಮಲಗಬೇಡ, ಕಂಬಳಿಯನ್ನು ಎರಡು ಮಡಿಕೆ ಮಾಡಿ ಹಾಸಿಕೋ. ಭೇಟಿಯ ದಿನ ಗಾಜಿನಾಚೆ ಕೂತ ನಿನಗೆ ಇಷ್ಟೆಲ್ಲ ವಿವರಿಸಲು ಹೊತ್ತು ಸಾಲದು, ಅದಕ್ಕೇ ಈ ಕಾಗದ.

ನಿಮ್ಮಪ್ಪನ ದನಿ ನಿಂತುಹೋಗಿದೆ. ಗಂಟಲಿನ ಆಪರೇಷನ್ನಿಗೆ ಮುಂಚೆ ಅವರ ಮಾತು ರೆಕಾರ್ಡ್ ಮಾಡಿಕೊಂಡು, ಟೈಪ್ ಮಾಡಿದ್ದನ್ನು ಅವರದೇ ದನಿಯಲ್ಲಿ ಓದುವಂತೆ ಮಾಡಿಕೊಟ್ಟಿದ್ದೆಯಲ್ಲ, ಆ ಪ್ರೋಗ್ರಾಂ ಈಗ ತೆರೆಯುವುದೇ ಇಲ್ಲ. ಕಳೆದ ವಾರ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಮಾಡಿಕೊಂಡಿತು, ಹಾಳಾದ್ದು. ಈಗ ನಿನ್ನ ಪ್ರೋಗ್ರಾಂ ಹಳೆಯ ಆಡಿಯೋ ಪ್ಯಾಕೇಜೇ, ಅಂದರೆ ದನಿ ಹೊರಡಿಸುವ ಆ ಹಳೆಯ ಸಾಫ್ಟ್‌ವೇರೇ ಬೇಕು ಅನ್ನುತ್ತದೆ, ಕಂಪ್ಯೂಟರು ಹೊಸದನ್ನು ಬಿಟ್ಟುಕೊಡುವುದಿಲ್ಲ. ನಿನ್ನ ಸೋದರತ್ತೆಯರಿಬ್ಬರ ಹಾಗೆ, ಒಬ್ಬಳು ಬಂದರೆ ಇನ್ನೊಬ್ಬಳು ಹೊಸಿಲು ತುಳಿಯುವುದಿಲ್ಲ. ಹಳೆಯದನ್ನು ಹಾಕಲು ಹೋದರೆ, ಇವನ್ನೆಲ್ಲ ತೆಗೆದುಹಾಕಲೇ ಎಂದು ಉದ್ದಕ್ಕೆ ಹೆಸರುಗಳನ್ನು ತೋರಿಸಿತು. ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದೆ. ನಡುವೆ ನಿಮ್ಮಪ್ಪನ ದನಿಯ ಫೈಲುಗಳಿರುವ ಪ್ಯಾಕೇಜೂ ಇತ್ತು! ಬೇಡ ಎಂದು ಒತ್ತಿ ಎದ್ದುಬಿಟ್ಟೆ. ಮನೆಗೆ ಕರೆಸಿದ ರಿಪೇರಿಯವನು "ಇರೋದನ್ನೆಲ್ಲ ಅಳಿಸಿ ಫಾರ್ಮ್ಯಾಟ್ ಮಾಡ್ಬಿಡೋಣ ಅಮ್ಮಾ, ಎಲ್ಲಾ ಹೊಸದಾಗುತ್ತೆ" ಅಂದ. ಹೊಸದು ಯಾರಿಗೆ ಬೇಕಿತ್ತು? ನಿಮ್ಮಪ್ಪ ಸಿಪಿಯು ಡಬ್ಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡವರು, ಅವನು ಮೆಟ್ಟಿಲಿಳಿಯುವವರೆಗೂ ಬಿಡಲಿಲ್ಲ.

ಬಸ್ಸಿನ ಕೊನೆಯ ಸೀಟಿಗೂ ಕೇಳುವಂತೆ ಜೀವಮಾನವಿಡೀ ಕೂಗಿದ ಕಂಡಕ್ಟರು ಈಗ ಚಮಚದಿಂದ ತಟ್ಟೆ ಬಡಿದು ನನ್ನನ್ನು ಕರೆಯುತ್ತಾರೆ. ನೋಡಲಾಗುವುದಿಲ್ಲ ಕಣೋ. ನೀನು ಅರೆಸ್ಟಾದ ಮೇಲೆ ನಿನ್ನ ಜೊತೆ ಒಂದು ಮಾತೂ ಆಡಿರಲಿಲ್ಲವಲ್ಲ, ಆ ಹಠ ಕರಗಿದೆ. ಏನು ಹೇಳಬೇಕೋ ಬರೆದುಕೊಡಿ, ತಲುಪಿಸುತ್ತೇನೆ ಎಂದರೆ ತಲೆಯಲ್ಲಾಡಿಸಿ, ಚೀಟಿಯಲ್ಲಿ "ಅವನ ಹತ್ರ ನನ್ನ ದನಿಯಲ್ಲೇ ಹೇಳ್ಬೇಕು" ಎಂದು ಬರೆದರು. ಆದ್ದರಿಂದ ಯಾವ ವರ್ಷನ್ ಹಾಕಬೇಕು, ಯಾವುದನ್ನು ಮುಟ್ಟಬಾರದು, ಬಿಡಿಸಿ ಬರೆ. ಅಲ್ಲಿಯವರೆಗೆ ಇನ್ನೊಂದು ಅಪ್‌ಡೇಟ್ ಬಾರದಿರಲೆಂದು ಇಂಟರ್ನೆಟ್ ವಯರನ್ನೇ ಕಿತ್ತಿಟ್ಟಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಯಾರ ತಂಟೆಗೂ ಹೋಗಬೇಡ. ದೇವರು ನಿನ್ನನ್ನು ಕಾಯಲಿ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಡಾಕ್ಟರು ನಿನ್ನೆ ನನ್ನೊಬ್ಬಳನ್ನೇ ಹೊರಗೆ ಕರೆದು, ಗಂಟಲಿನ ಕ್ಯಾನ್ಸರ್ ಮತ್ತೆ ಹಬ್ಬಿದೆ, ನಿಮ್ಮವರು ಈ ತಿಂಗಳು ದಾಟುವುದು ಕಷ್ಟ ಅಂದರು. ನಿಮ್ಮಪ್ಪನಿಗೆ ಹೇಳಿಲ್ಲ. ಪ್ಯಾಕೇಜಿನ ಮನೆ ಹಾಳಾಗಲಿ, ಇವತ್ತೇ ಪೆರೋಲಿಗೆ ಅರ್ಜಿ ಹಾಕು. ಅವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ ಮಗನೇ, ನೀನೇ ಬಂದು ಮಾತಾಡು.