ಎರವಲು ಲ್ಯಾಬು

ಮಾರ್ಚ್ 3, ಸೋಮವಾರ
ಪ್ರಾಕ್ಟಿಕಲ್ಸ್ ಮಾಡಿಸಿ ಬಂದೆ. ಸಿಗ್ನಲ್ ತೋರಿಸುವ ಆಸಿಲೋಸ್ಕೋಪ್‌ಗಳಲ್ಲಿ ಕೆಲಸ ಮಾಡುತ್ತಿರುವುದು ಒಂದೇ. ಇದಕ್ಕೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಎಂದು ಹೆಸರು... ಗುರುವಾರ ಗ್ರಾಂಟ್ ಸಮಿತಿ ಬರುತ್ತದೆ. ಸಿಕ್ಕರೆ ಹೊಸ ಲ್ಯಾಬು, ಸಿಗದಿದ್ದರೆ ಕೋರ್ಸೇ ಬಂದ್. ಹಗಲೆಲ್ಲ ದುಡಿದು ಸಂಜೆ ಚಾಮರಾಜಪೇಟೆಯ ನಮ್ಮ ಕಾಲೇಜಿಗೆ ಓಡಿ ಬರುವ ಈ ಮಕ್ಕಳು ಆಮೇಲೆ ಎಲ್ಲಿಗೆ ಹೋಗಬೇಕು?

ಮಾರ್ಚ್ 5, ಬುಧವಾರ
ಪ್ರಿನ್ಸಿಪಾಲ್ ನರಸಿಂಹಯ್ಯ ಸರ್ ಇನ್ನೊಂದು ಕಾಲೇಜಿನಿಂದ ಆಟೋ ತುಂಬ ಸ್ಕೋಪ್, ಮೀಟರ್ ಎರವಲು ತರಿಸಿದ್ದಾರೆ. ನಮ್ಮ ಕೆಟ್ಟವೆಲ್ಲ ಸ್ಟೋರ್ ರೂಮಿಗೆ. ಲ್ಯಾಬಿನಲ್ಲಿ ಯಾರೂ ಏನೂ ಮುಟ್ಟಬಾರದೆಂದು ಆರ್ಡರ್. ಪ್ರತಿ ಇನ್‌ಸ್ಪೆಕ್ಷನ್‌ಗೂ ಇದೇ ಅಲಂಕಾರ. ಈ ಸಲ ಬೇಡುವುದಕ್ಕೆ ನಿಂತಿದ್ದೇವೆ ಸರ್, ಇರುವುದನ್ನೇ ತೋರಿಸೋಣ ಎಂದೆ. ಹೆಣ್ಣು ನೋಡಲು ಬಂದವರ ಮುಂದೆ ಹರಕು ಚಾಪೆ ಹಾಸುತ್ತಾರೇನಮ್ಮ ಎಂದರು. ಮೈ ಉರಿಯಿತು.

ಮಾರ್ಚ್ 6, ಗುರುವಾರ
ಸಂಜೆ ಬಂದ ಸಮಿತಿಯ ಮುಖ್ಯಸ್ಥರು ಮಧುಸೂದನ್ ಎಂಬ ಹಿರಿಯರು. ಲ್ಯಾಬೆಲ್ಲ ಸುತ್ತಿ ಸಂತೋಷಪಟ್ಟರು.
"ನಿಮ್ಮಲ್ಲಿ ಎಲ್ಲಾ ಇದೆಯಲ್ರೀ. ಇಲ್ದೇ ಇರೋರಿಗೆ ಕೊಡೋಣ ಬಿಡಿ."
ನರಸಿಂಹಯ್ಯನವರ ಮುಖ ಬಿಳಿಚಿಕೊಂಡಿತು. ನಾನೇ ಬಾಯಿ ಬಿಟ್ಟೆ. ಕೆಲಸ ಹೋದರೆ ಹೋಗಲಿ!
"ಇದ್ಯಾವುದೂ ನಮ್ಮದಲ್ಲ ಸರ್. ನಾಳೆ ವಾಪಸ್ ಕೊಡ್ಬೇಕು. ನಮ್ಮದು ಸ್ಟೋರ್ ರೂಮಲ್ಲಿದೆ, ಬನ್ನಿ."
ಬಾಗಿಲು ತೆಗೆದರೆ ಒಳಗೆ ವಾಣಿ. ನನ್ನ ವಿದ್ಯಾರ್ಥಿನಿ; ಹಗಲು ಅಕ್ಕಿಪೇಟೆಯ ಅಂಗಡಿಯಲ್ಲಿ ಬಿಲ್ ಹಾಕುತ್ತಾಳೆ. ಲ್ಯಾಬಿನಲ್ಲಿ ಏನೂ ಮುಟ್ಟುವಂತಿಲ್ಲವೆಂದು, ಕೆಟ್ಟ ಸ್ಕೋಪೊಂದನ್ನು ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದಳು. ಏನಮ್ಮ ಇದು ಎಂದು ಮಧುಸೂದನ್ ಕೇಳಿದರು.
"ರಿಪೇರಿ ಸರ್. ಇದಾದ್ರೆ ನಮಗೆ ಎರಡಾಗುತ್ತೆ."
ಅವರು ಒಂದು ಡಬ್ಬ ಎಳೆದುಕೊಂಡು ಅವಳೆದುರು ಕೂತರು. ಬಹಳ ಹೊತ್ತು ಮಾತಾಡಿದರು. ಹೋಗುವಾಗ ನನಗೆ ಕೈಮುಗಿದರು, ಅಷ್ಟೇ. ಪ್ರಿನ್ಸಿಪಾಲ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಏಪ್ರಿಲ್ 28, ಸೋಮವಾರ
ಬಂತು. ಗ್ರಾಂಟ್ ಬಂತು! ಕೇಳಿದ್ದಷ್ಟೂ! ನರಸಿಂಹಯ್ಯ ಸರ್ ಸ್ಟಾಫ್ ರೂಮಿಗೆ ಬಾದಾಮಿ ಹಲ್ವಾ ತರಿಸಿ, ಎಲ್ಲ ತಮ್ಮದೇ ಪ್ಲಾನು ಎಂಬಂತೆ ಓಡಾಡುತ್ತಿದ್ದರು. ಗೆದ್ದ ಎತ್ತಿನ ಬಾಲ ಹಿಡಿಯುವವರೇ ಎಲ್ಲ. ಹಿಡಿಯಲಿ. ನಾನು ಹಲ್ವಾ ಎರಡು ಸಲ ಹಾಕಿಸಿಕೊಂಡೆ.

ಆಗಸ್ಟ್ 6, ಬುಧವಾರ, ಸಂಜೆ
ಹೊಸ ಲ್ಯಾಬಿನಲ್ಲೇ ಕೂತು ಬರೆಯುತ್ತಿದ್ದೇನೆ. ಮೊದಲ ಪ್ರಾಕ್ಟಿಕಲ್. ಒಬ್ಬೊಬ್ಬರಿಗೂ ಒಂದೊಂದು ಸ್ಕೋಪ್. ಆದರೂ ಹಳೇ ಅಭ್ಯಾಸದಂತೆ ಅಷ್ಟೂ ಮಂದಿ ಒಂದೇ ಮೇಜಿನ ಸುತ್ತ ಗುಂಪು ಕಟ್ಟಿ ನಿಂತಿದ್ದರು. ನಗು ಬಂತು, ಕಣ್ಣೂ ತುಂಬಿತು.
"ಹೋಗ್ರಪ್ಪಾ, ಅವರವರದ್ರ ಮುಂದೆ ಕೂತ್ಕೊಳ್ಳಿ."
ಸ್ಟೂಲುಗಳ ಸದ್ದು. ವಾಣಿಯ ಪರದೆಯಲ್ಲಿ ಹಳದಿ ಅಲೆ ಎದ್ದಿತು. ಪಕ್ಕದವಳದ್ದರಲ್ಲೂ. ಹಿಂದಿನ ಸಾಲಿನಲ್ಲಿ ಯಾರೋ "ಮೇಡಂ, ಬಂತು" ಎನ್ನುತ್ತಿದ್ದಾರೆ. ಇನ್ನೊಬ್ಬರು... ಮತ್ತೊಬ್ಬರು... ಎಲ್ಲರೂ ಒಟ್ಟಿಗೇ ಕರೆಯುತ್ತಿದ್ದಾರೆ, ಎದ್ದೆ—